ಹಳೇ ಮಿಲ್ಲಿನ ಭಾನುವಾರದ ಸಂತೆ: ಕೊಳದಪ್ಪಲೆ ಮೇಲೆ ‘ಶ್ರೀಮ...’ ಅಂತ ಇದೆ, ಓದೋಕೆ ಸಹಾಯ ಮಾಡಿ

ಹಳೇತಂಬಿಗೆ (ತುಮಕೂರು), ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಕೇಳಬೇಕಾದ್ದು ಮೊದಲು ಕೇಳಿಬಿಡ್ತೀನಿ. ಇವತ್ತು ಒಂದು ಹಿತ್ತಾಳೆ ಕೊಳದಪ್ಪಲೆ ತಂದೆ, ಅಡುಗೆ ಮಾಡೋ ಹಳೇ ಪಾತ್ರೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಎರಡು ಸಾಲು ಅಕ್ಷರ ಹೊಡೆಸಿದ್ದಾರೆ. ಮೇಲಿನ ಸಾಲಿನಲ್ಲಿ ‘ಶ್ರೀಮ’ ಅಂತ ಕಾಣುತ್ತೆ, ಮುಂದಿನದು ಸವೆದಿದೆ. ‘ಶ್ರೀಮತಿ’ ಇರಬೇಕು ಅಂದುಕೊಂಡೆ. ಕೆಳಗಿನ ಸಾಲು ‘ಚಿ॥ ಸೌ॥’ ಅಂತ ಶುರುವಾಗಿ ಒಂದು ಹೆಣ್ಣುಮಗಳ ಹೆಸರಿದೆ. ಅವರ ಮನೆಯವರು ಯಾರಾದರೂ ಇರಬಹುದು, ಹಾಗಾಗಿ ಹೆಸರು ಇಲ್ಲಿ ಹಾಕಲ್ಲ. ಮೇಲಿನ ಸಾಲು ಓದೋಕೆ ದಾರಿ ಇದ್ರೆ ಹೇಳಿ.

ಈಗ ಜಾಗದ ಬಗ್ಗೆ. ಊರ ಹೊರಗಿನ ಹಳೇ ಕಡಲೆಕಾಯಿ ಎಣ್ಣೆ ಮಿಲ್ಲಿನ ಶೆಡ್ಡು. ಒಳಗಡೆ ಸಣ್ಣ ಸಣ್ಣ ಮಳಿಗೆ ಮಾಡಿ ಹಳೇ ಸಾಮಾನು ಮಾರುವವರು ಕೂತಿದ್ದಾರೆ. ಗಾಜಿನ ಬೀರು, ಬೆಲೆ ಚೀಟಿ, ಬೀಟೆ ಕುರ್ಚಿ, ತೂಗುಗಡಿಯಾರ, ಚನ್ನೆಮಣೆ, ತಿರುವಿದರೆ ಕಿರ್ ಅನ್ನೋ ರೇಡಿಯೋ, ಎಲ್ಲ ಅಲ್ಲಿ. ಹೊರಗೆ ಅಂಗಳದಲ್ಲಿ ಭಾನುವಾರ ಮಾತ್ರ ಟಾರ್ಪಾಲು ಹಾಸಿ ಗುಜರಿಯವರು ಹರಡ್ತಾರೆ. ಅಲ್ಲಿ ಚೀಟಿ ಇಲ್ಲ, ಸಾಲು ಇಲ್ಲ. ಮೊಬೈಲ್ ಚಾರ್ಜರ್ ಪಕ್ಕ ಒನಕೆ, ಒನಕೆ ಪಕ್ಕ ಯಾರದೋ ಮದುವೆ ಫೋಟೋ ಫ್ರೇಮು. ನಾನು ಬೆಳಗ್ಗೆ ಆರೂಮುಕ್ಕಾಲಿಗೆ ಹೋದೆ, ಹತ್ತೂವರೆವರೆಗೂ ಇದ್ದೆ.

ಈ ಕೊಳದಪ್ಪಲೆ ಇದ್ದದ್ದು ಹೊರಗೆ, ತೂಕಕ್ಕೆ ಅಂತ ಗುಡ್ಡೆ ಹಾಕಿದ ಪಾತ್ರೆಗಳ ಅಡಿಯಲ್ಲಿ. ತಕ್ಕಡಿಗೆ ಇಟ್ಟರೆ 2 ಕೆಜಿ 400 ಗ್ರಾಂ. 1,800 ಹೇಳಿದರು, 1,400ಕ್ಕೆ ಕೊಟ್ಟರು. ನಾನು ತಗೊಳ್ಳದಿದ್ರೆ ಬುಧವಾರ ಕರಗಿಸೋಕೆ ಹೋಗ್ತಿತ್ತಂತೆ. ಆ ಮಾತು ಕೇಳಿದ ಮೇಲೆ ಕೈಬಿಡೋಕೆ ಆಗಲಿಲ್ಲ. ಎತ್ತಿ ಹಿಡಿದಾಗ ಹೆಬ್ಬೆರಳಿಗೆ ಆ ಚುಕ್ಕಿಗಳು ತಾಗಿದ್ವು. ಕಣ್ಣಿಗೆ ಕಾಣೋಕೂ ಮೊದಲು ಬೆರಳಿಗೆ ಗೊತ್ತಾಯ್ತು ಏನೋ ಬರೆದಿದ್ದಾರೆ ಅಂತ.

ಶಿರಾಗೇಟ್, ಭಾನುವಾರ ರಾತ್ರಿ 9:32

ಅಣ್ಣಾ, ಪಾತ್ರೆ ಚೆನ್ನಾಗಿದೆ. ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿ, ಅಕ್ಷರ ಎದ್ದು ಕಾಣುತ್ತೆ.

ಚಿಂತಾಮಣಿ ಮೇಷ್ಟ್ರು, ಭಾನುವಾರ ರಾತ್ರಿ 9:41

ದಯವಿಟ್ಟು ಈಗಲೇ ಉಜ್ಜಬೇಡಿ. ಚುಕ್ಕಿಯ ಗುಣಿಯಲ್ಲಿ ಕೂತಿರುವ ಕಪ್ಪೇ ಅಕ್ಷರವನ್ನು ತೋರಿಸುವುದು. ಅದು ಹೋದರೆ ಸವೆದ ಭಾಗ ಪೂರ್ತಿ ಮಾಯವಾಗುತ್ತದೆ.

ಹೀಗೆ ಮಾಡಿ. ನಯವಾದ ರಂಗೋಲಿ ಪುಡಿ ಅಥವಾ ವಿಭೂತಿ ತಗೊಂಡು ಒಣ ಬಟ್ಟೆಯಲ್ಲಿ ಆ ಜಾಗಕ್ಕೆ ಹಗುರಾಗಿ ಸವರಿ. ಮೇಲ್ಮೈಯನ್ನು ಅಂಗೈಯಿಂದ ಒಂದೇ ಸಲ ಒರೆಸಿ, ಗುಣಿಯಲ್ಲಿ ಬಿಳಿ ಉಳಿಯುತ್ತದೆ. ಕೋಣೆಯ ದೀಪ ಆರಿಸಿ ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದಿಂದ, ಪಾತ್ರೆಗೆ ತಾಗಿದ ಹಾಗೆ ಹಿಡಿಯಿರಿ. ನಾಲ್ಕು ದಿಕ್ಕಿನಿಂದಲೂ ಫೋಟೋ ತೆಗೆದು ಹಾಕಿ. ಹಳ್ಳಿಯ ವೀರಗಲ್ಲುಗಳನ್ನು ಓದುವಾಗಲೂ ನಾನು ಸಂಜೆ ಓರೆ ಬಿಸಿಲಿಗೇ ಕಾಯುತ್ತೇನೆ.

ಇನ್ನೊಂದು ಮಾತು. ಕೆಳಗಿನ ಸಾಲಿನಲ್ಲಿ ‘ಚಿ॥ ಸೌ॥’ ಇದೆ ಅಂದಿರಿ. ಅಷ್ಟಿದ್ದ ಮೇಲೆ ಮೇಲೆ ಮತ್ತೆ ‘ಶ್ರೀಮತಿ’ ಯಾಕೆ ಬರೆಸುತ್ತಾರೆ? ಅದು ಬೇರೆ ಏನೋ ಇದೆ.

ಒಳಮಳಿಗೆ, ಭಾನುವಾರ ರಾತ್ರಿ 10:05

ಆ ಶೆಡ್ಡಿನಲ್ಲಿ ನನ್ನದೂ ಒಂದು ಮಳಿಗೆ ಇದೆ, ಯಾವುದು ಅಂತ ಹೇಳಲ್ಲ. ಒಳಗೆ ಮೂರು ಪಟ್ಟು ಬೆಲೆ ಅಂತ ಬಹಳ ಜನ ಬೇಜಾರು ಮಾಡ್ಕೋತಾರೆ, ಅದಕ್ಕೇ ಬರೀತಿದ್ದೀನಿ.

ನಾವೂ ಬೆಳಗಿನ ಐದೂವರೆಗೆ ಹೊರಗಿನ ಟಾರ್ಪಾಲಿನಲ್ಲೇ ಆರಿಸೋದು. ಹತ್ತು ವಸ್ತು ತಂದ್ರೆ ಎರಡು ತಿಂಗಳಲ್ಲಿ ನಾಲ್ಕು ಹೋಗುತ್ತೆ. ಉಳಿದದ್ದು ಬಾಡಿಗೆ ತಿನ್ನುತ್ತೆ. ಕುರ್ಚಿಗೆ ಕುಟ್ಟೆ ಹಿಡಿದಿದ್ರೆ ಔಷಧಿ ಹಾಕ್ಬೇಕು, ಬೆತ್ತ ಹೆಣೆಸ್ಬೇಕು. ಬೆತ್ತ ಹೆಣೆಯೋರು ಸಿಗೋದೇ ಕಷ್ಟ ಆಗಿದೆ. ನಮ್ಮ ಹತ್ರ ಕೊಡೋ ದುಡ್ಡು ಆ ಆರಿಸೋ ಕೆಲಸಕ್ಕೆ.

ಯಾರ ಮಳಿಗೆಗೆ ಹೋದರೂ ಕುರ್ಚಿ, ಬೀರು ಕೊಳ್ಳೋಕೆ ಮುಂಚೆ ತಲೆಕೆಳಗು ಮಾಡಿ ನೋಡಿ. ಮುಂದೆ ಪಾಲಿಶ್ ಯಾರು ಬೇಕಾದ್ರೂ ಹೊಡೀತಾರೆ. ಡ್ರಾಯರ್ ಪೂರ್ತಿ ಎಳೆದು ಅದರ ತಳ ನೋಡಿ, ಹಿಂಬದಿ ಹಲಗೆ ನೋಡಿ. ಹಳೇದಾದ್ರೆ ಉಳಿ, ಕೀಸುಳಿ ಗುರುತು ಏರುಪೇರಾಗಿ ಇರುತ್ತೆ. ನೂರು ವರ್ಷದ್ದು ಅಂತ ಹೇಳಿ, ಒಳಗೆ ಪ್ಲಸ್ ಗುರುತಿನ ಸ್ಕ್ರೂ ಇದ್ದು, ಅದು ರಿಪೇರಿಗೆ ಹಾಕಿದ್ದು ಅಂತ ತೋರಿಸೋಕೆ ಆಗದಿದ್ರೆ ಬಿಟ್ಟು ಬನ್ನಿ. ಬೀಟೆಗೆ ತೂಕ ಇರುತ್ತೆ, ಒಂದು ಕಡೆ ಎತ್ತಿದ್ರೇ ಗೊತ್ತಾಗುತ್ತೆ. ಬಣ್ಣ ಬಳಿದ ಹಲಸಿನ ಮರಕ್ಕೆ ಆ ಭಾರ ಬರಲ್ಲ.

ಗಡಿಯಾರದಂಗಡಿ, ಭಾನುವಾರ ರಾತ್ರಿ 10:48

ನಮ್ಮ ಊರಿನ ಸಂತೆ ಅಂದ ಮೇಲೆ ಎಚ್ಎಂಟಿ ವಾಚಿನ ಮಾತು ಬರಲೇಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾಯ್ತು, 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. ನಮ್ಮಪ್ಪ ಅಲ್ಲೇ ದುಡಿದು ನಮ್ಮನ್ನ ಓದಿಸಿದ್ದು. 2016ರಲ್ಲಿ ಗಡಿಯಾರದ ಕಂಪನಿ ಮುಚ್ಚೋ ತೀರ್ಮಾನ ಆಯ್ತು. ತುಮಕೂರಿನ ಜಾಗ ಇಸ್ರೋಗೆ ಹೋಯ್ತು. ಹಾಗಾಗಿ ಇಲ್ಲಿನ ಹಳೇ ಮನೆಗಳ ಡಬ್ಬಿಯೊಳಗೆ ಇನ್ನೂ ನಿಜವಾದ ವಾಚು ಸಿಗುತ್ತೆ. ಜೊತೆಗೆ ಕಸವೂ ಬಹಳ ಸಿಗುತ್ತೆ.

ಹೊರಗಿನ ಟಾರ್ಪಾಲಿನಲ್ಲಿ ಕೆಂಪು, ಹಸಿರು, ಕೇಸರಿ ಡಯಲಿನ ಎಚ್ಎಂಟಿ ಪೈಲಟ್ ವಾಚುಗಳು ಫಳಫಳ ಹೊಳೀತಾ ಕೂತಿರ್ತವೆ. ಅವು ಹಳೇ ಯಂತ್ರಕ್ಕೆ ಹೊಸ ಡಯಲು ಅಚ್ಚು ಹಾಕಿ ಜೋಡಿಸಿದವು. ಭೂತಗನ್ನಡಿ ಹಿಡಿದು ಡಯಲಿನ ಅಕ್ಷರ ನೋಡಿ. ಅಂಚು ಹರಡಿದ್ರೆ, ಗಂಟೆಯ ಗೆರೆ ಸ್ವಲ್ಪ ಓರೆ ಇದ್ರೆ, ಮುಳ್ಳು ಗೆರೆ ಮುಟ್ಟದಷ್ಟು ಚಿಕ್ಕದಾಗಿದ್ರೆ ಮರುಬಣ್ಣ ಅಂತಲೇ ಲೆಕ್ಕ. ಜನತಾ, ಪೈಲಟ್ ಎರಡೂ ಕೀಲಿ ಕೊಡೋ ವಾಚು, 17 ಜ್ಯುವೆಲ್, ಅಂದ್ರೆ ಯಂತ್ರದ ಸವೆತ ತಡೆಯೋ ಪುಟ್ಟ ಕಲ್ಲು. ಕೀಲಿ ಕೊಡುವಾಗ ಕಡೇಲಿ ಮೆತ್ತಗೆ ಬಿಗಿಯಾಗಿ ನಿಲ್ಲಬೇಕು. ನಿಲ್ಲದೆ ಸುತ್ತುತ್ತಲೇ ಇದ್ರೆ ಒಳಗಿನ ಸ್ಪ್ರಿಂಗ್ ಮುರಿದಿದೆ. ಕಿವಿಗೆ ಹಿಡಿದಾಗ ಟಿಕ್ ಸದ್ದು ಒಂದೇ ಸಮ ಇರಬೇಕು, ಕುಂಟಬಾರದು. ಹಿಂಬದಿ ಮುಚ್ಚಳ ತೆಗೆದು ತೋರಿಸಿ ಅನ್ನಿ, ತೆಗೀಯಲ್ಲ ಅಂದ್ರೆ ಮುಂದೆ ನಡೀರಿ.

ಗೀರು ಬಿದ್ದ, ಹಳದಿಗೆ ತಿರುಗಿದ ಡಯಲಿನ ಜನತಾ ಕಂಡ್ರೆ ಅದನ್ನೇ ತಗೊಳ್ಳಿ. ಆ ಹಳದಿ ಯಾರದೋ ಕೈಯಲ್ಲಿ ಮೂವತ್ತು ವರ್ಷ ಡ್ಯೂಟಿ ಮಾಡಿದ ಬಣ್ಣ.

ಹಳೇತಂಬಿಗೆ, ಭಾನುವಾರ ರಾತ್ರಿ 11:20

ಮೇಷ್ಟ್ರೇ, ವಿಭೂತಿ ಸವರಿ ಟಾರ್ಚ್ ಹಿಡಿದೆ. ‘ಮ’ ಕೆಳಗೆ ಒಂದು ಕೊಂಬು ಕಾಣಿಸ್ತು! ಅಂದ್ರೆ ‘ಮು’. ಅದರ ಮುಂದೆ ‘ಖ’ ಥರ ಇದೆ. ಸ್ವಲ್ಪ ಜಾಗ ಬಿಟ್ಟು ‘ಸಂ॥ ವೈ॥ ಶು॥’, ಆಮೇಲೆ ಕನ್ನಡ ಅಂಕಿಯಲ್ಲಿ ‘೧೦’. ಫೋಟೋ ನಾಲ್ಕೂ ಹಾಕಿದ್ದೀನಿ.

ಚಿಂತಾಮಣಿ ಮೇಷ್ಟ್ರು, ಭಾನುವಾರ ರಾತ್ರಿ 11:34

ಶ್ರೀಮುಖ ಸಂವತ್ಸರ, ವೈಶಾಖ ಶುದ್ಧ ದಶಮಿ! ‘ಶ್ರೀಮತಿ’ ಅಲ್ಲವೇ ಅಲ್ಲ. ಇದು ತಾರೀಖು, ಬಹುಶಃ ಮದುವೆಯದು. ವೈಶಾಖ ಅಂದರೆ ಲಗ್ನದ ಕಾಲ.

ಅರವತ್ತು ಸಂವತ್ಸರಗಳಲ್ಲಿ ಶ್ರೀಮುಖ ಏಳನೆಯದು. ಪ್ರಭವ, ವಿಭವ, ಶುಕ್ಲ, ಪ್ರಮೋದೂತ, ಪ್ರಜೋತ್ಪತ್ತಿ, ಆಂಗೀರಸ, ಶ್ರೀಮುಖ. ಪ್ರಭವ ಬಂದದ್ದು 1927ರ ಯುಗಾದಿಗೆ, ಮತ್ತೆ 1987ಕ್ಕೆ. ಹಾಗಾಗಿ ನಿಮ್ಮ ಪಾತ್ರೆ ಒಂದೋ 1933ರದ್ದು, ಇಲ್ಲವೇ 1993ರದ್ದು. 1933 ಆದರೆ ಮೇ ತಿಂಗಳ ಆರಂಭ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು.

ಎರಡರಲ್ಲಿ ಯಾವುದು ಅಂತ ಪಾತ್ರೆಯೇ ಹೇಳಬೇಕು. ತಟ್ಟಿದ ಗುರುತು ಇದೆಯಾ ನೋಡಿ.

ಕೋಟೆಬೀದಿ ಪಾತ್ರೆಯವರು, ಸೋಮವಾರ ಬೆಳಗ್ಗೆ 6:50

ನಮ್ಮ ತಾತನ ಕಾಲದಿಂದ ಪಾತ್ರೆ ವ್ಯಾಪಾರ. ಫೋಟೋ ನೋಡಿದೆ, ಇದು 33ರದ್ದೇ ಅಂತ ನಾನು ಹೇಳ್ತೀನಿ. ಯಾಕೆ ಅಂದ್ರೆ, ಚುಕ್ಕಿಗಳ ಅಂತರ ಒಂದೇ ಸಮ ಇಲ್ಲ. ಮೊಳೆಯಂಥ ಚಾಣ ಇಟ್ಟು ಸಣ್ಣ ಸುತ್ತಿಗೆಯಿಂದ ಒಂದೊಂದಾಗಿ ಹೊಡೆದಿರೋದು. ತಿರುವಿನಲ್ಲಿ ಚುಕ್ಕಿ ಒತ್ತೊತ್ತಾಗಿದೆ, ನೇರ ಗೆರೆಯಲ್ಲಿ ದೂರ ದೂರ. 90ರ ದಶಕದಲ್ಲಿ ನಮ್ಮ ಅಂಗಡೀಲೇ ಕರೆಂಟ್ ಪೆನ್ನಿನಲ್ಲಿ ಹೆಸರು ಹಾಕ್ತಿದ್ವಿ. ಅದು ಜರ್ರ್ ಅಂತ ಒಂದೇ ಎಳೆಯಲ್ಲಿ ಹೋಗುತ್ತೆ, ಬರಹ ಕೂಡುಗೆರೆ ಥರ ಕಾಣುತ್ತೆ. ಅಷ್ಟೊತ್ತಿಗೆ ಮದುವೆಗೆ ಸ್ಟೀಲ್ ಪಾತ್ರೆ ಕೊಡೋದೇ ಹೆಚ್ಚಾಗಿತ್ತು. ತಳ ನೋಡಿ, ಒಳಗಡೆ ಕಲಾಯಿ (ತವರದ ಲೇಪ) ಪದರ ಪದರವಾಗಿ ಎದ್ದಿದೆ. ಎಷ್ಟೋ ಸಲ ಕಲಾಯಿ ಹಾಕಿಸಿ ಅಡುಗೆ ಮಾಡಿದ ಪಾತ್ರೆ ಅದು, ಅಟ್ಟದ ಮೇಲೆ ಇಟ್ಟದ್ದಲ್ಲ.

ಒಂದು ಎಚ್ಚರಿಕೆ. ಕಲಾಯಿ ಇಲ್ಲದೆ ಅದರಲ್ಲಿ ಹುಳಿ ಮಾಡಬೇಡಿ. ಹುಣಸೆಹುಳಿ ಹಿತ್ತಾಳೆಗೆ ತಾಗಿದ್ರೆ ಕಿಲುಬು ಬಿಡುತ್ತೆ, ವಾಂತಿ ಆಗುತ್ತೆ. ಶುದ್ಧ ತವರ, ನವಸಾಗರ ಹಾಕಿ ಬೆಂಕಿ ಮೇಲೆ ಹತ್ತಿ ಬಟ್ಟೆಯಿಂದ ಸವರೋ ಕೆಲಸದವರ ಹತ್ರಾನೇ ಮಾಡಿಸಿ. ತವರ ಅಂತ ಸೀಸ ಬೆರೆಸೋರೂ ಇದ್ದಾರೆ, ನಿಮ್ಮ ಕಣ್ಣ ಮುಂದೇನೇ ಹಾಕಿಸಿ.

ಬಟವಾಡಿ, ಸೋಮವಾರ ಬೆಳಗ್ಗೆ 8:15

ಎಲ್ಲ ಸರಿ. ಆದರೆ ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ನಮ್ಮ ಅತ್ತೆ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ 38 ಕೆಜಿ ಹಿತ್ತಾಳೆ, ತಾಮ್ರ ತೂಕಕ್ಕೆ ಹಾಕಿದ್ವಿ. ಹಂಡೆ, ಗಂಗಾಳ, ಕೊಪ್ಪರಿಗೆ. ಎರಡು ಬೆಡ್‌ರೂಮಿನ ಮನೇಲಿ ಹಂಡೆ ಎಲ್ಲಿ ಇಡೋದು? ನೀವು ಬರೆದದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ಅದರ ಮೇಲೂ ಹೆಸರಿತ್ತು. ನಾನು ಓದಲೇ ಇಲ್ಲ.

ಹಳೇತಂಬಿಗೆ, ಸೋಮವಾರ ಬೆಳಗ್ಗೆ 8:40

ಅಕ್ಕ, ನಿಮ್ಮನ್ನ ನೋಯಿಸೋಕೆ ಬರೆದದ್ದಲ್ಲ. ನಮ್ಮ ಮನೇಲೂ ಹಾಗೇ ಆಗಿದೆ. ಎಲ್ಲವನ್ನೂ ಯಾರೂ ಇಟ್ಕೊಳ್ಳೋಕೆ ಆಗಲ್ಲ. ನಾನು ಕೇಳೋದು ಇಷ್ಟೇ: ತಕ್ಕಡಿಗೆ ಹಾಕೋಕೆ ಮುಂಚೆ ಓದಿ, ಫೋಟೋ ತೆಗೆದು ಒಂದು ಚೀಟೀಲಿ ಬರೆದಿಡಿ. ನಮ್ಮ ಅಜ್ಜಿಯರ ಮದುವೆಗೆ ಲಗ್ನಪತ್ರಿಕೆ ಉಳಿದಿಲ್ಲ, ಫೋಟೋ ಇಲ್ಲ, ಎಷ್ಟೋ ಮನೇಲಿ ಅವರ ಹೆಸರು ಬರೆದಿರೋದು ಪಾತ್ರೆ ಮೇಲೆ ಮಾತ್ರ. ಅದು ಕರಗಿದ್ರೆ ಆ ಹೆಸರೂ ಹೋಯ್ತು.

ಕೆಜಿಎಫ್ ಮೊಮ್ಮಗಳು, ಸೋಮವಾರ ಮಧ್ಯಾಹ್ನ 1:05

ಕೋಲಾರದ ಕಡೆಯಿಂದ ನನ್ನದೂ ಒಂದು ಸೇರಿಸ್ತೀನಿ. ರಾಬರ್ಟ್‌ಸನ್‌ಪೇಟೆ ಗುಜರೀಲಿ ನನಗೆ ಒಂದು ಕಾರ್ಬೈಡ್ ದೀಪ ಸಿಕ್ತು, ಗಣಿಯೊಳಗೆ ಹಿಡೀತಿದ್ದದ್ದು. ಮೇಲಿನ ಡಬ್ಬೀಲಿ ನೀರು, ಕೆಳಗಿನದರಲ್ಲಿ ಕಾರ್ಬೈಡ್ ಕಲ್ಲು. ಚಿಕ್ಕ ತಿರುಪು ತಿರುವಿದ್ರೆ ನೀರು ಹನಿ ಹನಿಯಾಗಿ ಬಿದ್ದು ಅನಿಲ ಏಳುತ್ತೆ, ಅದು ಮೂತಿಯಲ್ಲಿ ಉರಿಯುತ್ತೆ. ಚಿನ್ನದ ಗಣಿಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ. ಆದರೂ ತಂತಿ ಮುಟ್ಟದ ಕಡೆಯೆಲ್ಲ ಕೈಯಲ್ಲಿನ ದೀಪವೇ ಬೇಕಿತ್ತು ಅಂತ ತಾತ ಹೇಳ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ನಿಂತುಹೋಯ್ತು. ಕೆಲಸ ಹೋದ ಮನೆಗಳು ಒಂದೊಂದೇ ಸಾಮಾನು ಮಾರಿದ್ವು. ನಮ್ಮದೂ ಮಾರಿದ್ವು.

ನಾನು ಕಲಿತದ್ದು, ಮಾರುವವರನ್ನ ಮಾತಾಡಿಸಬೇಕು. ‘ಎಷ್ಟು’ ಅಂತ ಕೇಳೋ ಮುಂಚೆ ‘ಇದು ಯಾವ ಕಡೆಯಿಂದ ಬಂತಣ್ಣ’ ಅಂತ ಕೇಳಿ. ನನಗೆ ಆ ದೀಪ ಬಂದ ಬೀದಿಯ ಹೆಸರು ಗೊತ್ತಾದದ್ದು ಹಾಗೆ. ಬರೆದು ದೀಪದ ಒಳಗೇ ಇಟ್ಟಿದ್ದೀನಿ. ಇಂಥ ದೀಪ ಯಾರಿಗಾದ್ರೂ ಸಿಕ್ರೆ ಮನೆಯೊಳಗೆ ಹಚ್ಚೋಕೆ ಹೋಗಬೇಡಿ, ಆ ಅನಿಲ ಸಿಡಿಯುತ್ತೆ.

ಶಿರಾಗೇಟ್, ಸೋಮವಾರ ಸಂಜೆ 6:20

ಬೆಳ್ಳಿ ರೂಪಾಯಿ ಬಗ್ಗೆ ಗೊತ್ತಿರೋರು ಹೇಳಿ. ಹೊರಗಡೆ ಒಬ್ಬರು 1947ರ ‘ಬೆಳ್ಳಿ’ ಅಂತ ಹುಲಿ ಇರೋ ರೂಪಾಯಿ 900ಕ್ಕೆ ಹೇಳಿದ್ರು.

ಆಣೆಪಾವಲಿ, ಸೋಮವಾರ ಸಂಜೆ 6:58

ತಮ್ಮಾ, ಅದು ಬೆಳ್ಳಿ ಅಲ್ಲ, ನಿಕಲ್. ಜೇಬಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಕೊಂಡು ಹೋಗು. 1947ರ ಹುಲಿ ರೂಪಾಯಿ ಟಕ್ ಅಂತ ಅಂಟುತ್ತೆ. ಬೆಳ್ಳಿ ಅಂಟಲ್ಲ. ವಿಕ್ಟೋರಿಯಾ ರಾಣಿ, ಐದನೇ ಜಾರ್ಜ್ ಇರೋ ರೂಪಾಯಿ ಒಂದು ತೊಲ, 11.66 ಗ್ರಾಂ, ನೂರಕ್ಕೆ 91.7 ಭಾಗ ಬೆಳ್ಳಿ. ಅಕ್ಕಸಾಲಿಗರ ಪುಟ್ಟ ಡಿಜಿಟಲ್ ತಕ್ಕಡಿ ಒಯ್ದರೆ ಅಲ್ಲೇ ತೂಗಬಹುದು. ಸವೆದದ್ದು ಸ್ವಲ್ಪ ಕಮ್ಮಿ ಬರುತ್ತೆ, ಆದರೆ 9 ಗ್ರಾಂ ಬಂದ್ರೆ ಖೋಟಾ. ಎರಡನೇ ಮಹಾಯುದ್ಧದ ಕಾಲದ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. ಹಾಂ, ನಾಣ್ಯನ ಉಜ್ಜಬೇಡ. ಹೊಳಪು ಬಂದಷ್ಟೂ ಸಂಗ್ರಹ ಮಾಡೋರ ಹತ್ರ ಬೆಲೆ ಬೀಳುತ್ತೆ.

ಇನ್ನೊಂದು ಗಂಭೀರ ಮಾತು. 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ, ರಾಮ ಸೀತೆ ಇದ್ದಾರೆ, ಹನುಮಂತ ಇದ್ದಾನೆ, ಅಕ್ಕಿ ಎಳೆಯುತ್ತೆ ಅಂತ ಯಾರಾದ್ರೂ ಕಿವಿಯಲ್ಲಿ ಹೇಳಿದ್ರೆ ಅಲ್ಲಿಂದ ಎದ್ದು ಬಾ. ಆ ಥರ ಅರ್ಧ ಆಣೆ ಕಂಪನಿ ಅಚ್ಚು ಹಾಕಿಸಲೇ ಇಲ್ಲ. ಈ ಅಕ್ಕಿ ಎಳೆಯೋ ‘ರೈಸ್ ಪುಲ್ಲಿಂಗ್’ ಮೋಸ ನಂಬಿ ನಮ್ಮ ಸಂಬಂಧಿಕರೊಬ್ಬರು ಜಮೀನು ಕಳೆದುಕೊಂಡರು. ಇವತ್ತಿಗೂ ಅವರ ಮನೇಲಿ ಯಾರೂ ಆ ಮಾತು ಎತ್ತಲ್ಲ.

ಗುಬ್ಬಿ ಕಾಗದ, ಸೋಮವಾರ ರಾತ್ರಿ 8:30

ಎಲ್ಲರೂ ಲೋಹದ ಹಿಂದೆ ಹೋಗ್ತಾರೆ, ನಾನು ಕಾಗದದ ಮೂಟೆ ಹತ್ರ ಕೂರ್ತೀನಿ. ನಮ್ಮೂರಿನ ಗುಬ್ಬಿ ಕಂಪನಿ 1884ರಿಂದ ನಾಟಕ ಆಡಿದ್ದು. ಆ ಕಾಲದ ಕರಪತ್ರ ಒಂದಾದ್ರೂ ಸಿಗುತ್ತಾ ಅಂತ ಹತ್ತು ವರ್ಷದಿಂದ ಹುಡುಕ್ತಾ ಇದ್ದೀನಿ. ಸಿಕ್ಕಿಲ್ಲ. ಆದರೆ ಹುಡುಕ್ತಾ ಹುಡುಕ್ತಾ ಕಾಗದದ ವಯಸ್ಸು ಹಿಡಿಯೋದು ಬಂತು. ‘ಮೈಸೂರು ರಾಜ್ಯ’ ಅಂತ ಅಚ್ಚಾಗಿದ್ರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕಿಂತ ಹಿಂದಿನದು. ವಿಳಾಸದಲ್ಲಿ ಆರಂಕಿ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ 15ರ ನಂತರದ್ದು. ‘ನಯಾ ಪೈಸೆ’ ಇದ್ರೆ 1957ರಿಂದ 64ರ ನಡುವಿನದು. ಆಣೆ ಲೆಕ್ಕ ಇದ್ರೆ ಅದಕ್ಕೂ ಹಿಂದಿನದು ಅಂತ ಸಾಮಾನ್ಯವಾಗಿ ಹೇಳಬಹುದು, ಆದರೆ ಹಳ್ಳಿ ಅಂಗಡಿಗಳು ಹಳೇ ರಸೀದಿ ಪುಸ್ತಕ ಮುಗಿಯೋವರೆಗೂ ಬಳಸ್ತಿದ್ವು, ಅದೊಂದು ನೆನಪಿರಲಿ. ಸಿಕ್ಕ ಕಾಗದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಲೇಬೇಡಿ.

ಚಿಂತಾಮಣಿ ಮೇಷ್ಟ್ರು, ಸೋಮವಾರ ರಾತ್ರಿ 9:15

ಕಾಗದದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಓಲೆಗರಿ ಕಟ್ಟು ಕಂಡರೆ ಬಿಡಿ ಬಿಡಿಯಾಗಿ ಕೊಳ್ಳಬೇಡಿ. ಚೌಕಟ್ಟು ಹಾಕಿಸೋದಕ್ಕೆ ಅಂತ ಒಂದೊಂದು ಗರಿ ಮಾರುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತಿಳಿಸಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಶಾಮಶಾಸ್ತ್ರಿಗಳ ಕೈಗೆ ಬಂದದ್ದು 1905ರಲ್ಲಿ, ಅದೇ ಸಂಸ್ಥೆಯಲ್ಲಿ. ಯಾರೋ ಒಬ್ಬರು ತಂದುಕೊಟ್ಟದ್ದರಿಂದ ಅದು ಉಳಿಯಿತು.

ಕಾನೂನೂ ತಿಳಿದಿರಲಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು ಪುರಾವಸ್ತು ಎನಿಸಿಕೊಳ್ಳುತ್ತದೆ. ಸಾಹಿತ್ಯ, ಇತಿಹಾಸದ ಮೌಲ್ಯವಿರುವ ಹಸ್ತಪ್ರತಿಗೆ 75 ವರ್ಷ ಸಾಕು. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ದೇವರ ವಿಗ್ರಹ ತೋರಿಸಿದರೆ ಎಲ್ಲಿಂದ ಬಂತು ಅನ್ನುವ ಕಾಗದ ಕೇಳಿ. ಇಲ್ಲದಿದ್ದರೆ ಮುಟ್ಟಬೇಡಿ, ಯಾವ ಊರಿನ ಗುಡಿ ಬರಿದಾಗಿದೆಯೋ. ಆನೆದಂತದ ಮಾತಂತೂ ಬೇಡವೇ ಬೇಡ.

ನಿಮ್ಮ ಕೊಳದಪ್ಪಲೆಗೆ 2033ರ ವೈಶಾಖಕ್ಕೆ ನೂರು ತುಂಬುತ್ತದೆ.

ಒಳಮಳಿಗೆ, ಸೋಮವಾರ ರಾತ್ರಿ 9:50

ಮೇಷ್ಟ್ರು ಹೇಳಿದ್ದು ಸರಿ. ಗ್ರಾಮಾಫೋನ್ ಬಗ್ಗೆಯೂ ಒಂದು ಸಾಲು ಸೇರಿಸ್ತೀನಿ: ಹೊಳೆಯೋ ಹಿತ್ತಾಳೆ ಕಹಳೆ, ಹೊಸಾ ಮರದ ಪೆಟ್ಟಿಗೆ, ಅದರ ಮೇಲೆ ನಾಯಿ ಚಿತ್ರದ ಸ್ಟಿಕ್ಕರ್ ಇದ್ರೆ ಅದು ಈಚೆಗೆ ಜೋಡಿಸಿದ್ದು. ಅಲಂಕಾರಕ್ಕೆ ಬೇಕಾದ್ರೆ ತಗೊಳ್ಳಿ, ಹಳೇದು ಅಂತ ದುಡ್ಡು ಕೊಡಬೇಡಿ.

ಹಳೇತಂಬಿಗೆ, ಮಂಗಳವಾರ ರಾತ್ರಿ 8:05

ಇವತ್ತು ಕೆಲಸ ಮುಗಿಸಿ ಆ ಗುಜರಿಯವರ ಗೋಡೌನಿಗೇ ಹೋಗಿದ್ದೆ. ಕೆಜಿಎಫ್ ಅಕ್ಕ ಹೇಳಿದ ಹಾಗೆ ಬೆಲೆ ಮಾತು ಎತ್ತದೆ, ಎಲ್ಲಿಂದ ಬಂತು ಅಂತ ಕೇಳಿದೆ. ಕೊರಟಗೆರೆ ಕಡೆ ಒಂದು ತೊಟ್ಟಿಮನೆ ಕೆಡವಿದ್ರಂತೆ, ಒಂದು ಟೆಂಪೋ ತುಂಬ ಸಾಮಾನು ಬಂತಂತೆ. ಗೋಡೆ ಪಕ್ಕ ಇನ್ನೂ ಒಂದು ಮೂಟೆ ಇತ್ತು, ಬಿಚ್ಚಿ ತೋರಿಸಿದರು. ಎರಡು ಗಂಗಾಳ, ಧಾನ್ಯ ಅಳೆಯೋ ಒಂದು ಪಾವು, ಒಂದು ಅಚ್ಚೇರು, ನಾಲ್ಕು ತಂಬಿಗೆ. ಪಾವಿನ ಅಂಚಿನಲ್ಲಿ ಸರ್ಕಾರದ ಮುದ್ರೆ ಸಾಲಾಗಿ ಒತ್ತಿದೆ. ಒಂದು ಗಂಗಾಳದ ಮೇಲೆ ಅದೇ ಚುಕ್ಕಿ ಬರಹ, ‘ಚಿ॥ ಸೌ॥’ ಆದ ಮೇಲೆ ಬೇರೆ ಹೆಸರು. ಅಕ್ಕತಂಗಿಯರು ಇರಬಹುದಾ? ಸಂವತ್ಸರ ಓದೋಕೆ ಆಗಲಿಲ್ಲ, ಬೆಳಕು ಹೋಗಿತ್ತು. ಬುಧವಾರ ಕಳಿಸಬೇಡಿ ಅಂತ 500 ಮುಂಗಡ ಕೊಟ್ಟು ಬಂದಿದ್ದೀನಿ. ಭಾನುವಾರ ಹೊರಗೆ ಹಾಕ್ತಾರೆ. ಎಲ್ಲವನ್ನೂ ನಾನೊಬ್ಬನೇ ಕೊಳ್ಳೋಕೆ ಆಗಲ್ಲ, ಓದಿ ಬರ್ಕೊಳ್ಳೋಕೂ ಒಬ್ಬನಿಗೆ ಕಷ್ಟ. ಯಾರಾದ್ರೂ ಬರ್ತೀರಾ?

ಬಟವಾಡಿ, ಮಂಗಳವಾರ ರಾತ್ರಿ 8:22

ನಾನು ಬರ್ತೀನಿ. ಆ ಗಂಗಾಳ ನನಗಿರಲಿ. ಇಡೋಕೆ ಜಾಗ ಮಾಡ್ಕೋತೀನಿ.

ಕೋಟೆಬೀದಿ ಪಾತ್ರೆಯವರು, ಮಂಗಳವಾರ ರಾತ್ರಿ 8:31

ಪಾವು, ಅಚ್ಚೇರು ನಾನು ತಗೋತೀನಿ. ಕಲಾಯಿಯವರ ನಂಬರ್ ನನ್ನ ಹತ್ರ ಇದೆ, ಕೊಳದಪ್ಪಲೆ ಜೊತೇಲಿ ತನ್ನಿ.

ಶಿರಾಗೇಟ್, ಮಂಗಳವಾರ ರಾತ್ರಿ 8:40

ಅಣ್ಣಾ, ಭಾನುವಾರ ಆರು ಗಂಟೆಗೆ ಗೇಟ್ ಹತ್ರ ಇರ್ತೀನಿ. ರಂಗೋಲಿ ಪುಡಿ ನಾನು ತರ್ತೀನಿ, ಟಾರ್ಚ್ ನೀವು ತನ್ನಿ.